ಅಬ್ಸರ್ವಬಿಲಿಟಿ: ವೀಕ್ಷಣೀಯತೆಯೋ, ಗೋಚರತೆಯೋ, ಬೇರೆ ಮಾತೋ?

ಪ್ರಶ್ನೆ: ಸಾಫ್ಟ್‌ವೇರ್ ನಿರ್ವಹಣೆಯ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ‘ಅಬ್ಸರ್ವಬಿಲಿಟಿ’ಗೆ ವೀಕ್ಷಣೀಯತೆ ಎಂದೂ ‘ಮಾನಿಟರಿಂಗ್’ಗೆ ಮೇಲ್ವಿಚಾರಣೆ ಎಂದೂ ಸದ್ಯಕ್ಕೆ ಹಾಕಿದ್ದೇನೆ. ಎರಡೂ ಒಂದೇ ಅರ್ಥ ಕೊಡುತ್ತಿವೆ ಎಂಬ ಸಂದೇಹ ಬಿಡುತ್ತಿಲ್ಲ. ಮೆಟ್ರಿಕ್, ಟ್ರೇಸ್, ಸ್ಪ್ಯಾನ್, ಸ್ಯಾಂಪ್ಲಿಂಗ್ ಇವಕ್ಕೂ ಬಳಕೆಯಲ್ಲಿ ನಿಲ್ಲುವಂಥ ಮಾತುಗಳಿದ್ದರೆ ಬಲ್ಲವರು ತಿಳಿಸಬೇಕು.

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಸಂದೇಹ ಸರಿಯಾಗಿದೆ. ಮೊದಲು ‘ಮೇಲ್ವಿಚಾರಣೆ’ಯನ್ನು ತೆಗೆದುಬಿಡಿ. ಅದು ಕೆಲಸಗಾರರ ಮೇಲೆ, ಕಾಮಗಾರಿಯ ಮೇಲೆ ಮಾಡುವಂಥದ್ದು. ಮಾನಿಟರಿಂಗ್‌ಗೆ ‘ನಿಗಾ’ ಎಂಬ ಒಳ್ಳೆಯ ಮಾತು ಆಗಲೇ ಜನರ ಬಾಯಲ್ಲಿದೆ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನಡೆಯುವುದೂ ಇದೇ: ಏನನ್ನು ನೋಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಮಿತಿ ದಾಟಿದರೆ ಗಂಟೆ ಹೊಡೆಯುವಂತೆ ಇಡುವುದು.

ಅಬ್ಸರ್ವಬಿಲಿಟಿ ಹಾಗಲ್ಲ. ಆ ಪದ ಸಾಫ್ಟ್‌ವೇರಿಗೆ ಬಂದದ್ದು ನಿಯಂತ್ರಣ ಸಿದ್ಧಾಂತದಿಂದ. 1960ರಲ್ಲಿ ಎಂಜಿನಿಯರ್, ಗಣಿತಜ್ಞ ರುಡಾಲ್ಫ್ ಕಾಲ್ಮನ್ ಅದಕ್ಕೆ ಗಣಿತದ ವ್ಯಾಖ್ಯೆ ಕೊಟ್ಟರು. ವ್ಯವಸ್ಥೆ ಹೊರಗೆ ಕೊಡುವ ಅಳತೆಗಳಿಂದಲೇ ಅದರ ಒಳಗಿನ ಸ್ಥಿತಿಯನ್ನು ತಿಳಿಯಲು ಬರುತ್ತದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಬಸ್ಸೊಂದರ ವೇಗದ ಮುಳ್ಳು ಮಾತ್ರ ನಿಮಗೆ ಕಾಣುತ್ತದೆ ಎಂದಿಟ್ಟುಕೊಳ್ಳಿ. ಎಷ್ಟು ಹೊತ್ತು ನೋಡಿದರೂ ಎಷ್ಟು ದೂರ ಓಡಿತು ಎಂದು ಹೇಳಬಹುದೇ ಹೊರತು ಈಗ ಎಲ್ಲಿದೆ ಎಂದು ಹೇಳಲಾಗದು, ಏಕೆಂದರೆ ಎಲ್ಲಿಂದ ಹೊರಟಿತು ಎಂಬುದು ಆ ಮುಳ್ಳಿನಲ್ಲಿಲ್ಲ. ಒಂದೇ ಒಂದು ಮೈಲಿಗಲ್ಲು ಕಂಡರೆ ಸಾಕು, ಲೆಕ್ಕ ಕೂಡಿಬರುತ್ತದೆ. ಸರ್ವರ್‌ಗಳಲ್ಲೂ ಹಾಗೆಯೇ. ಸೆಕೆಂಡಿಗೆ ಎಷ್ಟು ವಿನಂತಿ ಬಂತು, ಎಷ್ಟು ಕೆಟ್ಟಿತು ಎಂಬ ರೇಖಾಚಿತ್ರ ವೇಗದ ಮುಳ್ಳಿದ್ದಂತೆ. ಯಾವ ವಿನಂತಿ ಯಾವ ಸೇವೆಯ ಯಾವ ಆವೃತ್ತಿಯಲ್ಲಿ ಸಿಕ್ಕಿಕೊಂಡಿತು ಎಂಬುದು ಮೈಲಿಗಲ್ಲು. ಇಲ್ಲಿ ಗುಣ ಇರುವುದು ವ್ಯವಸ್ಥೆಯಲ್ಲಿ, ನೋಡುವವರಲ್ಲಲ್ಲ. ಆದ್ದರಿಂದ ‘ಒಳನೋಟ’ವೂ ಹೊಂದುವುದಿಲ್ಲ, ಅದು ನೋಡುವವರದು.

ಇನ್ನು ‘ವೀಕ್ಷಣೀಯತೆ’. ಕನ್ನಡದ ಕಿವಿಗೆ ‘-ಅನೀಯ’ ಎಂದರೆ ‘ತಕ್ಕದ್ದು’ ಎಂದೇ ಕೇಳುತ್ತದೆ: ಶ್ಲಾಘನೀಯ, ಪ್ರೇಕ್ಷಣೀಯ ಸ್ಥಳ. ವೀಕ್ಷಣೀಯ ಸರ್ವರ್ ಎಂದರೆ ಜೋಗ ನೋಡಿದ ಹಾಗೆ ಹೋಗಿ ನೋಡಬೇಕಾದ ಸರ್ವರ್ ಎಂದಾದೀತು. ‘ಅವಲೋಕನ ಸಾಧ್ಯತೆ’ ಎಂದರೆ ಮಳೆ ಬರುವ ಸಾಧ್ಯತೆಯ ಸಾಲಿಗೆ ಸೇರುತ್ತದೆ. ‘ಗೋಚರತೆ’ ವಿಮಾನ ನಿಲ್ದಾಣದ ಮಂಜಿನ ಸುದ್ದಿಯಲ್ಲಿ ನೆಲೆಯಾಗಿದೆ. ಮೇಲಾಗಿ ಅದು ಬರಿಯ ಕಾಣುವಿಕೆ. ಹತ್ತು ಪರದೆ ತುಂಬ ರೇಖಾಚಿತ್ರ ಗೋಚರವಾಗುತ್ತಿದ್ದರೂ ಕಾರಣ ತಿಳಿಯದೆ ಇರಬಹುದಲ್ಲ?

ನಾಮಪದದ ಹಿಂದೆ ಬೀಳುವುದನ್ನು ಬಿಟ್ಟರೆ ಕನ್ನಡದಲ್ಲೇ ದಾರಿ ಇದೆ. ‘ಹೋಗಗೊಡಲಿಲ್ಲ’, ‘ಇರಗೊಡುವುದಿಲ್ಲ’ ಎನ್ನುತ್ತೇವಲ್ಲ, ಅದೇ ‘ಕೊಡು’ ಸೇರಿಸಿ ‘ತಿಳಿಯಗೊಡು’ ಎನ್ನಬಹುದು. ‘ಈ ಸೇವೆ ತನ್ನ ಒಳಸ್ಥಿತಿಯನ್ನು ತಿಳಿಯಗೊಡುವುದಿಲ್ಲ’ ಎಂದು ಬರೆದರೆ ಇಂಗ್ಲಿಷ್ ಮೂಲ ನೋಡದವರಿಗೂ ಅರ್ಥ ಪೂರ್ತಿ ಹೋಗುತ್ತದೆ, ಗುಣ ವ್ಯವಸ್ಥೆಯದೇ ಎಂಬುದೂ ಉಳಿಯುತ್ತದೆ. ಅಧ್ಯಾಯದ ತಲೆಬರಹ, ತಂಡದ ಹೆಸರು ಇಂಥ ಕಡೆ ‘ಅಬ್ಸರ್ವಬಿಲಿಟಿ’ ಎಂದೇ ಇರಲಿ. ಅಲ್ಲಿ ಹೊಸ ನಾಮಪದ ಹಾಕಿದರೆ ಹುಡುಕುವವರಿಗೆ ಸಿಗುವುದೇ ಇಲ್ಲ.

ಮೆಟ್ರಿಕ್ ಎಂದರೆ ‘ಅಳತೆ’. ‘ಮಾಪಕ’ ಎನ್ನಬೇಡಿ, ಮಳೆ ಮಾಪಕ ಎಂಬಲ್ಲಿ ಅದು ಉಪಕರಣ. ಅಳತೆಗಳನ್ನು ಕೂಡಿಡುವ ಪ್ರೊಮಿಥಿಯಸ್ ಎಂಬ ತಂತ್ರಾಂಶದ ಕೌಂಟರ್, ಗೇಜ್ ಎಂಬ ಎರಡು ಬಗೆಗಳನ್ನು ವಿವರಿಸಲು ಹೊಸ ಪದ ಹುಡುಕುವುದಕ್ಕಿಂತ ಉದಾಹರಣೆ ಕೊಡುವುದು ಮೇಲು. ಕೌಂಟರ್ ಮನೆಯ ಕರೆಂಟ್ ಮೀಟರಿನಂತೆ ಏರುತ್ತಲೇ ಇರುತ್ತದೆ. ಬೇಕಾದದ್ದು ಎರಡು ಓದಿನ ನಡುವಿನ ವ್ಯತ್ಯಾಸ. ಗೇಜ್ ಕೆಆರ್‌ಎಸ್ ನೀರಿನ ಮಟ್ಟದಂತೆ ಏರುತ್ತದೆ, ಇಳಿಯುತ್ತದೆ. ಈಗಿನ ಅಂಕಿಯೇ ಮುಖ್ಯ. ಇದನ್ನು ಅದಲುಬದಲು ಮಾಡಿದರೆ ಲೆಕ್ಕ ಕೆಡುತ್ತದೆ. ಪ್ರೋಗ್ರಾಂ ಮರುಚಾಲನೆಯಾದಾಗ ಕೌಂಟರ್ ಸೊನ್ನೆಗೆ ಬರುತ್ತದೆ. ‘ರೇಟ್’ ಎಂಬ ಫಂಕ್ಷನ್ ಅಂಥ ಇಳಿತವನ್ನು ಹೊಸ ಮೀಟರ್ ಕೂರಿಸಿದಂತೆ ಎಣಿಸಿ ಲೆಕ್ಕ ಮುಂದುವರಿಸುತ್ತದೆ. ಗೇಜಿನ ಮೇಲೆ ಅದನ್ನೇ ಬಳಸಿದರೆ ಪ್ರತಿ ಸಹಜ ಇಳಿತವೂ ಮರುಚಾಲನೆಯಾಗಿ ಕಂಡು ಇಲ್ಲದ ಏರಿಕೆ ಹುಟ್ಟುತ್ತದೆ.

ಅಳತೆಗೆ ಅಂಟಿಸುವ ಲೇಬಲ್ ಬಗ್ಗೆಯೂ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇರಲಿ. 50 ವಿಳಾಸ, 5 ವಿಧಾನ, 10 ಸ್ಥಿತಿಸಂಖ್ಯೆ, 20 ಯಂತ್ರ ಎಂದರೆ, ಪ್ರತಿ ಜೋಡಣೆಗೂ ಬೇರೆಯೇ ಅಂಕಿಗಳ ಸಾಲು ಬೇಕಾಗಿ, ಗರಿಷ್ಠ 50,000 ಸರಣಿಗಳು. ಇದಕ್ಕೆ 1 ಲಕ್ಷ ಬಳಕೆದಾರರ ಗುರುತನ್ನೂ ಲೇಬಲ್ ಮಾಡಿದರೆ ಗರಿಷ್ಠ ಮಿತಿ 500 ಕೋಟಿಗೆ ಹೋಗುತ್ತದೆ. ಅಷ್ಟು ದೂರ ಹೋಗುವ ಮೊದಲೇ ಸರ್ವರಿನ ಮೆಮೊರಿ ತೀರಿರುತ್ತದೆ. ಬಳಕೆದಾರರ ಗುರುತಿನ ಜಾಗ ಘಟನೆಗಳನ್ನು ಒಂದೊಂದಾಗಿ ಬರೆದಿಡುವ ಲಾಗಿನಲ್ಲಿ, ಟ್ರೇಸಿನಲ್ಲಿ.

ಟ್ರೇಸ್‌ಗೆ ‘ಜಾಡು’. ಇದರಲ್ಲಿ ಎರಡನೆಯ ಯೋಚನೆಯೇ ಬೇಡ. ಒಂದು ವಿನಂತಿ ಹಲವು ಸೇವೆಗಳನ್ನು ಹಾದುಹೋಗುವಾಗ ‘ಟ್ರೇಸ್‌ಪೇರೆಂಟ್’ ಎಂಬ ಹೆಡರ್ (ವಿನಂತಿಗೆ ಅಂಟಿಸಿದ ಮಾಹಿತಿಯ ಸಾಲು) ಜೊತೆಗೆ ಸಾಗುತ್ತದೆ: ಎರಡಂಕಿಯ ಆವೃತ್ತಿ, 32 ಅಂಕಿಯ ಜಾಡಿನ ಗುರುತು, 16 ಅಂಕಿಯ ಹಿಂದಿನ ಸ್ಪ್ಯಾನಿನ (ಜಾಡಿನೊಳಗಿನ ಒಂದು ಕೆಲಸದ) ಗುರುತು, ಎರಡಂಕಿಯ ಸೂಚನೆ, ನಡುವಿನ ಮೂರು ಅಡ್ಡಗೀಟು ಸೇರಿ 55 ಅಕ್ಷರ. ನಡುವೆ ಸಂದೇಶದ ಸರತಿ (ಮೆಸೇಜ್ ಕ್ಯೂ) ಇದ್ದು ಅದಕ್ಕೆ ಹಾಕುವಾಗ ಈ ಹೆಡರನ್ನು ನಕಲು ಮಾಡದಿದ್ದರೆ ಆಚೆ ಕಡೆ ಹೊಸ ಗುರುತು ಹುಟ್ಟುತ್ತದೆ. ಆಗ ‘ಜಾಡು ತಪ್ಪಿತು’ ಎಂದರೆ ಅಕ್ಷರಶಃ ಅದೇ ಅರ್ಥ.

ಸ್ಯಾಂಪ್ಲಿಂಗ್‌ಗೆ ‘ಆಯ್ದಿಡುವುದು’ ಎನ್ನಿ. ‘ಮಾದರಿ’ಗೆ ಮಾಡೆಲ್ ಎಂಬ ಅರ್ಥವೂ ಇರುವುದರಿಂದ ತೊಡಕಾಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಸರಿ. ಒಂದೇ ಪಾತ್ರೆಯ ಅಗುಳುಗಳು ಹೆಚ್ಚುಕಡಿಮೆ ಒಟ್ಟಿಗೇ ಬೇಯುತ್ತವೆ. ವಿನಂತಿಗಳು ಹಾಗೆ ಬೇಯುವುದಿಲ್ಲ. 10,000ಕ್ಕೆ ಒಂದು ಕೆಡುತ್ತದೆ ಎಂದರೆ 10 ಲಕ್ಷದಲ್ಲಿ ಕೆಟ್ಟವು 100. ಆರಂಭದಲ್ಲೇ ಕಣ್ಣುಮುಚ್ಚಿ ಶೇ. 1 ಆಯ್ದರೆ ಆ 100ರಲ್ಲಿ ಕೈಗೆ ಸಿಗುವುದು ಸುಮಾರು ಒಂದು. ಅದಕ್ಕೇ ಜಾಡು ಮುಗಿದ ಮೇಲೆ, ಕೆಟ್ಟದ್ದನ್ನೂ ನಿಧಾನವಾದದ್ದನ್ನೂ ನೋಡಿ ಆಯುವ ಕ್ರಮವಿದೆ. ಜಾಡುಗಳನ್ನು ಸಂಗ್ರಹಿಸಿ ಮುಂದೆ ಕಳಿಸುವ ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಎಂಬ ತಂತ್ರಾಂಶ ಇದಕ್ಕಾಗಿ, ಬೇರೆ ಹೇಳದಿದ್ದರೆ, 30 ಸೆಕೆಂಡ್ ಕಾಯುತ್ತದೆ. ಅಷ್ಟು ಹೊತ್ತು ಎಲ್ಲವೂ ಮೆಮೊರಿಯಲ್ಲಿರಬೇಕು, ಒಂದು ಜಾಡಿನ ತುಂಡುಗಳೆಲ್ಲ ಒಂದೇ ಕಲೆಕ್ಟರಿಗೆ ಬರಬೇಕು. ಹಂಚಿಹೋದರೆ ಅರ್ಧ ಜಾಡು ನೋಡಿ ತೀರ್ಮಾನ ಮಾಡಿದಂತಾಗುತ್ತದೆ.

ಮತ್ತೊಬ್ಬರ ಮಾತು: ಸರ್, ಕಾಲ್ಮನ್ ಅರ್ಥಕ್ಕೆ ‘ಅನುಮೇಯತೆ’ ಹತ್ತಿರವಲ್ಲವೇ? ಹೊಗೆ ಕಂಡು ಬೆಂಕಿ ಇದೆಯೆಂದು ತಿಳಿಯುವುದೇ ಅನುಮಾನ. ಹೊರಗಿನ ಗುರುತಿನಿಂದ ಕಾಣದ್ದನ್ನು ತಿಳಿಯುವುದು ಎಂಬುದು ಆ ಪದದೊಳಗೇ ಇದೆ.

ಉತ್ತರ: ಅರ್ಥದಲ್ಲಿ ಅದಕ್ಕಿಂತ ಹತ್ತಿರದ ಪದ ಇಲ್ಲ, ಒಪ್ಪಿದೆ. ಗಣಿತದ ಪಠ್ಯಕ್ಕೆ ಅದನ್ನೇ ಬಳಸಬಹುದು. ಆದರೆ ಕನ್ನಡದಲ್ಲಿ ‘ಅನುಮಾನ’ ಇಂದು ಶಂಕೆ. ‘ಈ ಸೇವೆಯ ಅನುಮೇಯತೆ ಹೆಚ್ಚಿದೆ’ ಎಂಬುದನ್ನು ರಾತ್ರಿ ಪಾಳಿಯಲ್ಲಿ ಓದುವವರು ಸೇವೆಯ ಮೇಲೇ ಅನುಮಾನವಿದೆ ಎಂದುಕೊಳ್ಳುತ್ತಾರೆ. ಕೈಪಿಡಿಯಲ್ಲಿ ಅಂಥ ಅಪಾಯ ಬೇಡ.

ಸ್ಪ್ಯಾನ್ ಉಳಿಯಿತು. ‘ಗೇಣು’ ಗೊತ್ತಾದ ಅಳತೆ, ಸ್ಪ್ಯಾನ್ ಎರಡು ಮಿಲಿಸೆಕೆಂಡೂ ಇರಬಹುದು, ಎರಡು ನಿಮಿಷವೂ ಇರಬಹುದು. ಕಂಬದಿಂದ ಕಂಬಕ್ಕೆ ‘ಅಂಕಣ’ ಎನ್ನುತ್ತೇವೆ; ಆದರೆ ಅಂಕಣಗಳು ಪಕ್ಕಪಕ್ಕ ನಿಲ್ಲುತ್ತವೆ, ಸ್ಪ್ಯಾನಿನೊಳಗೆ ಸ್ಪ್ಯಾನ್ ಕೂರುತ್ತದೆ. ಕೆಲವೊಮ್ಮೆ ಯಂತ್ರಗಳ ಗಡಿಯಾರ ಹೊಂದದೆ, ಒಳಗಿನದು ಹೊರಗಿನದಕ್ಕಿಂತ ಮೊದಲೇ ಶುರುವಾದಂತೆ ಕಾಣುವುದೂ ಉಂಟು. ಸದ್ಯಕ್ಕೆ ‘ಸ್ಪ್ಯಾನ್’ ಎಂದೇ ಬಿಡಿ, ಮೊದಲ ಸಲ ಬಂದಲ್ಲಿ ‘ಜಾಡಿನೊಳಗಿನ ಒಂದು ಕೆಲಸ, ಅದರ ಆರಂಭ, ಅವಧಿ’ ಎಂದು ಒಂದು ಸಾಲು ಸೇರಿಸಿ.