ಎಂಟು ಕೋರ್ ಇದ್ದರೂ ವಿಕಿಪೀಡಿಯ ಡಂಪ್ ಓದಲು ಒಂದೇ ಕೋರ್ ದುಡಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಇಂಗ್ಲಿಷ್ ವಿಕಿಪೀಡಿಯದ ಮಲ್ಟಿಸ್ಟ್ರೀಮ್ ಡಂಪ್ (ಎಲ್ಲ ಪುಟಗಳ ಪಠ್ಯವನ್ನೂ ತುಂಡು ತುಂಡಾಗಿ ಕುಗ್ಗಿಸಿಟ್ಟ ಒಂದೇ ಫೈಲು) ಇಳಿಸಿಕೊಂಡಿದ್ದೇನೆ. ಬಿಜಿಪ್ 2 ವಿಧಾನದಲ್ಲಿ ಕುಗ್ಗಿಸಿದ ಫೈಲು, 20 ಜಿಬಿಗಿಂತ ಜಾಸ್ತಿ. ಅದರಲ್ಲಿ ಕರ್ನಾಟಕದ ಊರುಗಳ ಪುಟ ಹುಡುಕಿ, ಇನ್ಫೋಬಾಕ್ಸ್‌ನಿಂದ (ಪುಟದ ಬದಿಯ ಮಾಹಿತಿ ಚೌಕ) ಅಕ್ಷಾಂಶ, ರೇಖಾಂಶ, ಪಿನ್‌ಕೋಡ್ ತೆಗೆಯಬೇಕು. ಎಕ್ಸ್‌ಎಂಎಲ್ ಅನ್ನು ಸ್ವಲ್ಪ ಸ್ವಲ್ಪವಾಗಿ ಓದುವ ಪೈಥಾನ್‌ನ ಇಟರ್‌ಪಾರ್ಸ್ ಬಳಸಿದ್ದೇನೆ. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ರಾತ್ರಿ ಓಡಲು ಬಿಟ್ಟು ಮಲಗಿದರೆ ಬೆಳಗಿನ ಕಾಫಿ ಹೊತ್ತಿಗೂ ಮುಗಿದಿರುವುದಿಲ್ಲ. ಒಂದು ಕೋರ್ ನೂರಕ್ಕೆ ನೂರು, ಉಳಿದ ಏಳು ಸುಮ್ನೆ ಕೂತಿರುತ್ತವೆ. ಪುಟಗಳನ್ನು ಥ್ರೆಡ್‌ಗಳಿಗೆ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸಗಳು) ಹಂಚಿದರೂ ಪ್ರಯೋಜನ ಆಗಲಿಲ್ಲ.

ಉತ್ತರ 1:
ಮಾಮೂಲಿ ಪೈಥಾನ್‌ನಲ್ಲಿ ಜಿಐಎಲ್ ಎಂಬ ಬೀಗ ಇದೆಯಲ್ವಾ? ಎಷ್ಟು ಥ್ರೆಡ್ ಇಟ್ಟರೂ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. ಮಲ್ಟಿಪ್ರೊಸೆಸಿಂಗ್ ಪೂಲ್ (ಬೇರೆ ಬೇರೆಯಾಗಿ ಓಡುವ ಪೈಥಾನ್ ಪ್ರೊಸೆಸ್‌ಗಳ ಗುಂಪು) ಮಾಡಿ, ಪುಟಗಳ ಪಠ್ಯವನ್ನು ಅದಕ್ಕೆ ಕಳಿಸಿ.

ಉತ್ತರ 2:
ಪೂಲ್ ಸರಿ, ಪಠ್ಯ ಕಳಿಸುವುದು ಬೇಡ. ಅಷ್ಟೂ ಪಠ್ಯವನ್ನು ಪಿಕಲ್ ಮಾಡಿ (ಕಳಿಸಲು ಬೈಟ್‌ಗಳಾಗಿ ಕಟ್ಟಿ), ಪೈಪ್‌ನಲ್ಲಿ ತಳ್ಳಿ, ಆ ಕಡೆ ಬಿಚ್ಚುವಷ್ಟರಲ್ಲಿ ಉಳಿಸಿದ ಸಮಯ ಅಲ್ಲೇ ಹೋಗುತ್ತದೆ.

ಮೊದಲು ಪಾರ್ಸಿಂಗ್ (ಎಕ್ಸ್‌ಎಂಎಲ್ ಟ್ಯಾಗ್ ಬಿಡಿಸಿ ಓದುವುದು) ಬಿಟ್ಟು ಫೈಲನ್ನು ಬರೀ ಬಿಚ್ಚಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಬಿಜಿಪ್ 2 ಬಿಚ್ಚುವುದೇ ನಿಧಾನ. ಒಟ್ಟು ಸಮಯದಲ್ಲಿ ನೂರಕ್ಕೆ 60 ಭಾಗ ಅಲ್ಲೇ ಹೋಗುತ್ತಿದ್ದರೆ, ಉಳಿದ 40ಕ್ಕೆ ನೂರು ಕೋರ್ ಹಾಕಿದರೂ ವೇಗ 1.7 ಪಟ್ಟು ದಾಟುವುದಿಲ್ಲ. ಕಂಪ್ಯೂಟರ್ ತಜ್ಞ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಲೆಕ್ಕ ಇದು. ಹಾಗಾಗಿ ಬಿಚ್ಚುವ ಕೆಲಸವನ್ನೇ ಹಂಚಬೇಕು.

ನಿಮ್ಮ ಅದೃಷ್ಟಕ್ಕೆ ಅದಕ್ಕೆ ಬೇಕಾದದ್ದು ಕೈಯಲ್ಲೇ ಇದೆ. ಮಲ್ಟಿಸ್ಟ್ರೀಮ್ ಫೈಲಿನಲ್ಲಿ ತಲಾ 100 ಪುಟಕ್ಕೆ ಒಂದು ಬೇರೆ ಬಿಜಿಪ್ 2 ಸ್ಟ್ರೀಮ್, ಅಂದರೆ ತಾನಾಗಿಯೇ ಬಿಚ್ಚಬಹುದಾದ ತುಂಡು, ಇರುತ್ತದೆ. ಜೊತೆಗೆ ಸಿಗುವ ಇಂಡೆಕ್ಸ್ ಫೈಲನ್ನೂ ಇಳಿಸಿಕೊಳ್ಳಿ. ಒಂದೊಂದು ಸಾಲಿನಲ್ಲೂ ಆಫ್‌ಸೆಟ್ (ಆ ಪುಟ ಇರುವ ಸ್ಟ್ರೀಮ್ ಫೈಲಿನ ಎಷ್ಟನೇ ಬೈಟ್‌ನಲ್ಲಿ ಶುರು ಎಂಬ ಅಂಕಿ), ಪುಟದ ಐಡಿ, ಶೀರ್ಷಿಕೆ, ನಡುವೆ ಕೋಲನ್. ಶೀರ್ಷಿಕೆಯೊಳಗೂ ಕೋಲನ್ ಬರಬಹುದು, ಮೊದಲ ಎರಡರಲ್ಲಿ ಮಾತ್ರ ಕತ್ತರಿಸಿ. ವರ್ಕರ್‌ಗೆ (ಪೂಲ್‌ನ ಒಂದೊಂದು ಪ್ರೊಸೆಸ್) ಎರಡೇ ಅಂಕಿ ಕಳಿಸಿ: ಈ ಸ್ಟ್ರೀಮ್‌ನ ಆಫ್‌ಸೆಟ್, ಮುಂದಿನದರ ಆಫ್‌ಸೆಟ್. ಪ್ರತಿ ವರ್ಕರ್ ಫೈಲನ್ನು ತಾನೇ ತೆರೆದು, ಅಲ್ಲಿಗೆ ಹಾರಿ, ಬಿಚ್ಚಿ, ಪಾರ್ಸ್ ಮಾಡಿ, ಊರಿನ ಹೆಸರು ಮತ್ತು ನಿಮಗೆ ಬೇಕಾದ ಮೂರು ಮಾಹಿತಿ ಮಾತ್ರ ವಾಪಸ್ ಕೊಡಲಿ.

ಪ್ರಶ್ನೆ ಕೇಳಿದವರು:
ಎಂಟೂ ಕೋರ್ ಎದ್ದು ಕೂತಿವೆ, ಲ್ಯಾಪ್‌ಟಾಪ್ ಫ್ಯಾನ್ ಕೂಗುತ್ತಿದೆ! ಆದರೆ ಪಾರ್ಸರ್ ಒಪ್ಪುತ್ತಿಲ್ಲ. ಡಾಕ್ಯುಮೆಂಟ್ ಎಲಿಮೆಂಟ್ ಆದಮೇಲೆ ಕಸ ಇದೆ ಎನ್ನುತ್ತದೆ. ಫೈಲು ಕೆಟ್ಟಿದೆಯೇ?

ಉತ್ತರ 2:
ಫೈಲು ಚೆನ್ನಾಗಿದೆ. ಒಂದು ಸ್ಟ್ರೀಮ್‌ನಲ್ಲಿ 100 ಪುಟ ಸಾಲಾಗಿ ನಿಂತಿವೆ, ಎಲ್ಲವನ್ನೂ ಒಳಗೊಳ್ಳುವ ರೂಟ್ ಟ್ಯಾಗ್ ಮೇಲೆ ಇಲ್ಲ. ರೂಟ್ ತೆರೆಯುವುದು ಫೈಲಿನ ಮೊದಲ ಸ್ಟ್ರೀಮ್‌ನಲ್ಲಿ, ಮುಚ್ಚುವುದು ಕೊನೆಯಲ್ಲಿ. ಹಿಂದೆ ಮುಂದೆ ನೀವೇ ಒಂದು ಟ್ಯಾಗ್ ಸುತ್ತಿ. ಫೈಲಿನ ಕೊನೆಯಲ್ಲಿ ಉಳಿದಿರುವ, ರೂಟ್ ಮುಚ್ಚುವ ಟ್ಯಾಗನ್ನು ತೆಗೆದುಹಾಕಿ.

ಆಮೇಲೆ ಎರರ್ ಹೋಗಿ ಒಂದೂ ಊರು ಸಿಗದಿದ್ದರೆ ಗಾಬರಿ ಬೇಡ. ನೇಮ್‌ಸ್ಪೇಸ್ (ಪಾರ್ಸರ್ ಪ್ರತಿ ಟ್ಯಾಗ್‌ನ ಹೆಸರಿಗೂ ಸೇರಿಸುವ ವಿಳಾಸ) ಇರುವುದೂ ಆ ರೂಟ್ ಟ್ಯಾಗ್‌ನಲ್ಲೇ. ನಿಮ್ಮ ಹಳೆಯ ಕೋಡ್ ಉದ್ದನೆಯ ನೇಮ್‌ಸ್ಪೇಸ್ ಸೇರಿಸಿ ಪುಟ ಹುಡುಕುತ್ತಿರುತ್ತದೆ, ಅದನ್ನು ಕಿತ್ತುಹಾಕಿ.

ಇನ್ನೊಂದು ಮಾತು. ಬಿಚ್ಚಿದ ತಕ್ಷಣ, ಪಾರ್ಸ್ ಮಾಡುವ ಮುಂಚೆ, ಆ ಬೈಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕರ್ನಾಟಕ ಎಂದು ಇದೆಯೇ ಹುಡುಕಿ. ಇಲ್ಲದಿದ್ದರೆ ಆ ಸ್ಟ್ರೀಮ್ ಅಲ್ಲಿಗೇ ಬಿಡಿ, ಎಕ್ಸ್‌ಎಂಎಲ್ ಪಾರ್ಸರ್ ಮುಟ್ಟಬೇಕಾಗಿಲ್ಲ.

ಉತ್ತರ 1:
ಕನ್ನಡ ವಿಕಿಪೀಡಿಯದ ಡಂಪ್‌ಗೂ ಇದೇ ಮಾಡಬೇಕಾ?

ಉತ್ತರ 2:
ಬೇಡ, ಅದು ಚಿಕ್ಕದು. ಒಂದೇ ಕೋರ್ ಸಾಕು.