ಡೆಬಿಯನ್ ಸ್ಥಾಪಿಸುವಾಗ ಎಸ್‌ಎಸ್‌ಡಿ ಕಾಣಿಸುತ್ತಿಲ್ಲ, ವೈಫೈ ಕೂಡ ಇಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಂಡೋಸ್ 10 ಇರುವ ನನ್ನ ಲ್ಯಾಪ್‌ಟಾಪ್‌ನಲ್ಲಿ, ಅದನ್ನು ಉಳಿಸಿಕೊಂಡೇ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿಕೊಳ್ಳಬೇಕೆಂದಿದ್ದೇನೆ. ಪೆನ್‌ಡ್ರೈವ್‌ನಿಂದ ಲೈವ್ ಆವೃತ್ತಿ (ಸ್ಥಾಪಿಸದೆಯೇ ನಡೆಯುವಂಥದ್ದು) ಸುಲಭವಾಗಿ ತೆರೆದುಕೊಳ್ಳುತ್ತದೆ. ಪರದೆ, ಧ್ವನಿ, ಟಚ್‌ಪ್ಯಾಡ್ ಎಲ್ಲವೂ ಸರಿಯಾಗಿವೆ. ಆದರೆ ಡಿಸ್ಕ್ ಆರಿಸಿಕೊಳ್ಳುವ ಹಂತಕ್ಕೆ ಬಂದರೆ ಪಟ್ಟಿಯಲ್ಲಿ ಆ ಪೆನ್‌ಡ್ರೈವ್ ಬಿಟ್ಟು ಬೇರೇನೂ ಇರುವುದಿಲ್ಲ. ಒಳಗಿನ ಎನ್‌ವಿಎಂಇ ಎಸ್‌ಎಸ್‌ಡಿಯಿಂದ ವಿಂಡೋಸ್ ಮಾತ್ರ ಎಂದಿನಂತೆ ಚಾಲೂ ಆಗುತ್ತದೆ. ವೈಫೈ ಕೂಡ ಪತ್ತೆಯಾಗುತ್ತಿಲ್ಲ. ಡಿಸ್ಕ್ ಕೆಟ್ಟಿರಬಹುದೇ? ವಿಂಡೋಸ್ ಅಳಿಸದೆ ಇದನ್ನು ಸರಿಪಡಿಸುವ ದಾರಿ ಇದೆಯೇ?

ಮೊದಲ ಉತ್ತರ

ಡಿಸ್ಕ್ ಕೆಟ್ಟಿಲ್ಲ, ಕೆಟ್ಟಿದ್ದರೆ ವಿಂಡೋಸ್ ಏಳುತ್ತಿರಲಿಲ್ಲ. ಲೈವ್ ಆವೃತ್ತಿಯಲ್ಲಿ ಟರ್ಮಿನಲ್ ತೆರೆದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಕೊಡುವ ಸಂದೇಶಗಳನ್ನು ನೋಡಿ. ರೀಮ್ಯಾಪ್ ಆದ ಒಂದು ಎನ್‌ವಿಎಂಇ ಸಾಧನ ಸಿಕ್ಕಿದೆ, ಅದನ್ನು ಬಳಸಲು ಬಯೋಸ್‌ನಲ್ಲಿ ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿ, ಎಂಬ ಸಾಲು ಅಲ್ಲಿದ್ದರೆ ಕಾರಣ ಖಚಿತ. ಬಯೋಸ್ ಎಂದರೆ ಯಂತ್ರ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್‌ಗಳ ಪರದೆ; ರೇಡ್, ಎಎಚ್‌ಸಿಐ ಎಂಬವು ಡಿಸ್ಕ್ ನಿಯಂತ್ರಕ ಕೆಲಸ ಮಾಡುವ ಎರಡು ವಿಧಾನಗಳು. ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ವ್ಯವಸ್ಥೆ ಎಸ್‌ಎಸ್‌ಡಿಯನ್ನು ಸಾಟಾ ನಿಯಂತ್ರಕದ ಹಿಂದೆ ಅಡಗಿಸಿಡುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಕರ್ನಲ್‌ಗೆ ಅದು ನೇರವಾಗಿ ಎಟುಕುವುದಿಲ್ಲ. ಇಂಟೆಲ್ ಪ್ರೊಸೆಸರ್‌ಗಳ 11ನೇ ತಲೆಮಾರಿನಿಂದ ಬಂದ ವಿಎಂಡಿ ಎಂಬ ವ್ಯವಸ್ಥೆ ಇದೇ ಬಗೆಯದಾದರೂ ಅದಕ್ಕೆ ಕರ್ನಲ್‌ನಲ್ಲಿ ಡ್ರೈವರ್ ಇದೆ.

ದಯವಿಟ್ಟು ಈಗಲೇ ಹೋಗಿ ಬಯೋಸ್‌ನಲ್ಲಿ ಆ ಆಯ್ಕೆಯನ್ನು ಬದಲಿಸಬೇಡಿ. ವಿಂಡೋಸ್ ಹಳೆಯ ನಿಯಂತ್ರಕದ ಡ್ರೈವರನ್ನೇ ನಂಬಿಕೊಂಡಿರುವುದರಿಂದ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಿ, ಇದ್ದರೆ ಅದನ್ನು ತಾತ್ಕಾಲಿಕವಾಗಿ ತಡೆಹಿಡಿದು, 48 ಅಂಕಿಗಳ ರಿಕವರಿ ಕೀಲಿಯನ್ನು ಈ ಯಂತ್ರದ ಹೊರಗೆ ಎಲ್ಲಾದರೂ ಬರೆದಿಡಿ. ಆಮೇಲೆ ವಿಂಡೋಸ್‌ನ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ವಿಭಾಗದಲ್ಲಿ ಸೇಫ್ ಬೂಟ್ ಗುರುತು ಹಾಕಿ, ಮರುಚಾಲನೆಯಾಗುವಾಗ ನೇರವಾಗಿ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ಹೊಸ ಡ್ರೈವರನ್ನು ತಾನೇ ಹಿಡಿದುಕೊಳ್ಳುತ್ತದೆ. ಬಳಿಕ ಆ ಗುರುತನ್ನು ತೆಗೆದರಾಯಿತು. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದಿರಬಹುದು, ಆದ್ದರಿಂದ ಖಾತೆಯ ಪಾಸ್‌ವರ್ಡ್ ನೆನಪಿರಲಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಅನ್ನೂ ಆಫ್ ಮಾಡಿಡಿ, ಇಲ್ಲದಿದ್ದರೆ ವಿಂಡೋಸ್ ವಿಭಾಗ ಅರೆನಿದ್ದೆಯಲ್ಲೇ ಉಳಿದು, ಲಿನಕ್ಸ್‌ನಿಂದ ಅದರಲ್ಲಿ ಬರೆಯಲು ಆಗುವುದಿಲ್ಲ.

ಎರಡನೆಯ ಉತ್ತರ

ವೈಫೈ ಬಗ್ಗೆ ಹೇಳುತ್ತೇನೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್ (ಚಿಪ್‌ಗಳೊಳಗೆ ನಡೆಯುವ ತಂತ್ರಾಂಶ) ಕೂಡ ಅಧಿಕೃತ ಇಮೇಜಿನಲ್ಲೇ ಇರುತ್ತದೆ. ಆದರೂ ವೈಫೈ ಕಾಣುತ್ತಿಲ್ಲವೆಂದರೆ ಕೊರತೆ ಇರುವುದು ಬಹುಶಃ ಡ್ರೈವರಿನದೇ. ಪಿಸಿಐ ಸಾಧನಗಳ (ಯಂತ್ರದೊಳಗೆ ಜೋಡಿಸಿದ ಚಿಪ್‌ಗಳ) ಪಟ್ಟಿಯನ್ನು ಅವುಗಳ ಗುರುತಿನ ಸಂಖ್ಯೆಗಳ ಸಮೇತ ತೆಗೆದು ಇಲ್ಲಿ ಹಾಕಿ. ಚಿಪ್ ಬ್ರಾಡ್‌ಕಾಮ್‌ನ ಬಿಸಿಎಂ43142 ಥರದ್ದಾಗಿದ್ದರೆ ಅದರ ಡ್ರೈವರ್ ಕರ್ನಲ್‌ನಲ್ಲಿ ಇರುವುದಿಲ್ಲ. ಬ್ರಾಡ್‌ಕಾಮ್ ಎಸ್‌ಟಿಎ ಡಿಕೆಎಂಎಸ್ ಪ್ಯಾಕೇಜನ್ನೂ ನಿಮ್ಮ ಕರ್ನಲ್‌ನ ಹೆಡರ್‌ಗಳನ್ನೂ ಪ್ರತ್ಯೇಕವಾಗಿ ಹಾಕಬೇಕು. ಡಿಕೆಎಂಎಸ್ ಎಂಬುದು ಡ್ರೈವರನ್ನು ನಿಮ್ಮ ಯಂತ್ರದಲ್ಲೇ ಕಟ್ಟಿಕೊಡುವ ಸಾಧನ, ಅದಕ್ಕೆ ಬೇಕಾದ ಕಡತಗಳೇ ಹೆಡರ್‌ಗಳು. ಅಲ್ಲಿಯವರೆಗಿನ ಇಂಟರ್‌ನೆಟ್‌ಗೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಮಾಡಿದರೆ ಸಾಕು.

ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ಹೀಗೆ ಕಟ್ಟಿದ ಡ್ರೈವರನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸೆಕ್ಯೂರ್ ಬೂಟನ್ನೇ ತೆಗೆದುಬಿಡಿ ಎಂದು ಹೇಳುವವರು ಬಹಳ ಜನರಿದ್ದಾರೆ, ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಡ್ರೈವರಿಗೆ ಸಹಿ ಹಾಕಲು ಡಿಕೆಎಂಎಸ್ ತಯಾರಿಸಿದ ಕೀಲಿಯನ್ನು (ಇದನ್ನೇ ಮೋಕ್ ಎನ್ನುತ್ತಾರೆ) ಮೋಕ್‌ಯುಟಿಲ್ ಎಂಬ ಆದೇಶದ ಮೂಲಕ ಸಲ್ಲಿಸಿ, ಅದು ಕೇಳಿದಾಗ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು ಮರುಚಾಲನೆ ಮಾಡಿ. ಆಗ ಬರುವ ನೀಲಿ ಪರದೆ ಹತ್ತು ಸೆಕೆಂಡು ಮಾತ್ರ ಕಾಯುತ್ತದೆ. ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ, ಎನ್‌ರೋಲ್ ಮೋಕ್ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಕೈತಪ್ಪಿದರೆ ಕೀಲಿಯನ್ನು ಮತ್ತೆ ಸಲ್ಲಿಸಬೇಕಾಗುತ್ತದೆ, ಬೇರೆ ನಷ್ಟವೇನೂ ಇಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕರ್ನಲ್ ಸಂದೇಶಗಳಲ್ಲಿ ನೀವು ಹೇಳಿದ ಆ ಸಾಲು ಇದೆ. ಬಿಟ್‌ಲಾಕರ್ ಇಲ್ಲ. ಚಿಪ್ ಕೂಡ ಅದೇ, ಬಿಸಿಎಂ43142. ಆದರೆ ಬಯೋಸ್‌ನ ಎಲ್ಲ ಪುಟಗಳನ್ನು ಹುಡುಕಿದರೂ ಎಎಚ್‌ಸಿಐ ಎಂಬ ಆಯ್ಕೆಯೇ ಸಿಗಲಿಲ್ಲ. ಸೇಫ್ ಬೂಟ್ ಗುರುತು ಇನ್ನೂ ಹಾಕಿಲ್ಲ.

ಮೂರನೆಯ ಉತ್ತರ

ಗುರುತು ಹಾಕದೆ ಇದ್ದದ್ದು ಒಳ್ಳೆಯದೇ ಆಯಿತು, ಆಯ್ಕೆ ಎಲ್ಲಿದೆಯೆಂದು ಮೊದಲು ಕಂಡುಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು ಆ ಸಾಲನ್ನು ಮರೆಮಾಡಿರುತ್ತಾರೆ. ಬಯೋಸ್‌ನ ಮೇನ್ ಪುಟದಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿ ನೋಡಿ. ಅದೇ ಪುಟದಲ್ಲಿ ಸಾಟಾ ಮೋಡ್ ಎಂಬ ಹೊಸ ಸಾಲು ಮೂಡಬಹುದು. ಮೂಡಿದರೆ ಏನನ್ನೂ ಬದಲಿಸದೆ ಹೊರಬಂದು, ವಿಂಡೋಸ್‌ನಲ್ಲಿ ಸೇಫ್ ಬೂಟ್ ಸಿದ್ಧಪಡಿಸಿಕೊಂಡೇ ಮರಳಿ ಹೋಗಿ. ಮೂಡದಿದ್ದರೆ ಲ್ಯಾಪ್‌ಟಾಪ್‌ನ ನಿಖರವಾದ ಮಾದರಿ ಸಂಖ್ಯೆಯನ್ನೂ ಬಯೋಸ್ ಆವೃತ್ತಿಯನ್ನೂ ಇಲ್ಲಿ ತಿಳಿಸಿ.