ಬೋಟಿನ ಆಟೋಪೈಲಟ್ ಪಂಪ್: ಎಡಕ್ಕ ಜಲ್ದಿ, ಬಲಕ್ಕ ನಿಧಾನ. ದೋಷ ಮೋಟಾರಿಂದೋ, ಎಣ್ಣೀದೋ?

ಗೋಕುಲರೋಡ್_ವೈಂಡಿಂಗ್ (ಹುಬ್ಬಳ್ಳಿ):
ಕಾರವಾರದ ಮೀನು ಬೋಟೊಂದರ ಆಟೋಪೈಲಟ್ (ಹಾಕಿದ ದಿಕ್ಕಿಗೆ ಬೋಟ್ ತಾನ ನಡಸೂ ಯಂತ್ರ) ಹೈಡ್ರಾಲಿಕ್ ಪಂಪ್ ರಿಪೇರಿಗೆ ಬಂದೈತಿ. 12 ವೋಲ್ಟಿನ, ಎರಡೂ ದಿಕ್ಕಿಗೆ ತಿರಗೂ ಮೋಟಾರು. ಮುಂದ ಸಣ್ಣ ಪಂಪು, ಬ್ಲಾಕಿನೊಳಗ ಚೆಕ್ ವಾಲ್ವ್ (ಎಣ್ಣಿ ಒಂದ ಕಡೆಗೆ ಮಾತ್ರ ಬಿಡೂ ವಾಲ್ವ್). ಬೋಟ್ ನಡಸೂ ತಾಂಡೇಲರ ತಕರಾರು ಎರಡು. ಚುಕ್ಕಾಣಿ ಎಡಕ್ಕ ಜಲ್ದಿ ತಿರಗತೈತಿ, ಬಲಕ್ಕ ನಿಧಾನ. ಮತ್ತ ಆಟೋ ಹಾಕಿದ್ರ ಬೋಟು ಹಾವು ಹರಿದಂಗ ಹೋಗತೈತಿ. ಬ್ರಷ್ ಅರ್ಧ ಸವದಾವು, ಬ್ರಷ್ ಉಜ್ಜೂ ತಾಮ್ರದ ಕಮ್ಯುಟೇಟರ್ ಕರ್ರಗ ಆಗೈತಿ. ಒಳಗಿದ್ದ ಎಣ್ಣಿ 68 ನಂಬರಿನ ಹೈಡ್ರಾಲಿಕ್ ಎಣ್ಣಿ ಅಂತ ಅವರೇ ಹೇಳ್ಯಾರ. ಹೊಸಾದು ತಗೊಂಡ್ರ ಯಾವ ಸೈಜು ಅಂತನೂ ಮಾಲೀಕರು ಕೇಳಾಕತ್ತಾರ. ಬೋಟ್ ಅಲ್ಲಿ, ಪಂಪ್ ಇಲ್ಲಿ. ಟೇಬಲ್ ಮ್ಯಾಲ ಎಷ್ಟು ಪತ್ತೆ ಹಚ್ಚಬಹುದು?

ತಾರಿಹಾಳ_ಹೈಡ್ರಾಲಿಕ್:
68 ಹಾಕಿದ್ದ ತಪ್ಪು. ಬೋಟಿನ ಸ್ಟೀರಿಂಗಿಗೆ ವಿಜಿ 15, ಇಲ್ಲಾ ವಿಜಿ 22 ಬೇಕು (ವಿಜಿ ಅಂದ್ರ ಎಣ್ಣಿ ದಪ್ಪದ ನಂಬರು, ಹೆಚ್ಚಾದಷ್ಟು ದಪ್ಪ). ಟ್ರ್ಯಾಕ್ಟರಿಗೆ, ಜೆಸಿಬಿಗೆ ಹಾಕೂ 46-68 ಆ ಸಣ್ಣ ಪೈಪಿನಾಗ ಸರಾಗ ಹರಿಯೂದಿಲ್ಲ. ಮೋಟಾರು ಹೆಚ್ಚು ಕರೆಂಟ್ ಎಳೀತೈತಿ, ಬ್ರಷ್ ಸುಡತಾವು, ಕೈಯಿಂದ ತಿರುವೂ ಚಕ್ರನೂ ಭಾರ ಆಗತೈತಿ. ಬ್ರೇಕ್ ಎಣ್ಣಿ ಅಂತೂ ಹತ್ರ ತರಬ್ಯಾಡ್ರಿ, ನೈಟ್ರೈಲ್ ರಬ್ಬರಿನ ಸೀಲ್ ಎಲ್ಲಾ ಹಾಳಾಗತಾವು. ಓ-ರಿಂಗ್ ತರೂ ಮುಂದ ನೈಟ್ರೈಲ್ ಅಂತ ಹೆಸರು ಹೇಳಿ ಕೇಳ್ರಿ. ಅಂಗಡ್ಯಾಗ ಇಪಿಡಿಎಂ ಅನ್ನೂ ಬ್ಯಾರೆ ರಬ್ಬರ್ ಕೊಟ್ಟು ಕಳಿಸಿದ್ರ ಮಿನರಲ್ ಎಣ್ಣ್ಯಾಗ ಅದು ಉಬ್ಬಿ ಕುಂಡ್ರತೈತಿ.

ಆದ್ರ ದಪ್ಪ ಎಣ್ಣಿ ಎರಡೂ ಕಡೆ ನಿಧಾನ ಮಾಡಬೇಕು, ಒಂದ ಕಡೆ ಅಲ್ಲ. ಅದಕ್ಕ ಮೋಟಾರು ಬ್ಯಾರೆ, ಪಂಪು ಬ್ಯಾರೆ ಮಾಡಿ ನೋಡ್ರಿ. ಮೊದಲು ಮೋಟಾರು ಬಿಚ್ಚಿ ಒಣಾನ ಓಡಸ್ರಿ: ತುಂಬಿದ ಬ್ಯಾಟರಿ, ನಡುವ 15 ಆಂಪ್ ಫ್ಯೂಸು, ಡಿಸಿ ಕ್ಲ್ಯಾಂಪ್ ಮೀಟರು. ಒಂದ ದಿಕ್ಕಿಗೆ 1 ನಿಮಿಷ, ವೈರ್ ಅದಲಿ ಬದಲಿ ಮಾಡಿ ಇನ್ನೊಂದ ದಿಕ್ಕಿಗೆ 1 ನಿಮಿಷ. ಇಲ್ಲೇ ವ್ಯತ್ಯಾಸ ಕಂಡ್ರ ಅದು ನಿಮ್ಮ ಕೆಲಸ, ನಂದಲ್ಲ. ಎರಡೂ ಕಡೆ ಸಮ ಇದ್ರ ಪಂಪ್ ಕೂಡ್ಸಿ, ಸಿಲಿಂಡರಿಗೆ ಹೋಗೂ ಎರಡೂ ಬಾಯಿಗೆ ಒಂದ ಹೋಸ್ ಸುತ್ತಿ ಹಾಕಿ, ತೆಳು ಎಣ್ಣಿ ತುಂಬಿ ಹೊಳ್ಳಿ ಓಡಸ್ರಿ. ಆವಾಗ ವ್ಯತ್ಯಾಸ ಬಂದ್ರ ಚೆಕ್ ವಾಲ್ವ್ ತಗೀರಿ. ಗೋಲಿ ಕೆಳಗ ಕೂದಲೆಳಿಯಷ್ಟು ಲೋಹದ ಪುಡಿ ಸಿಕ್ಕೊಂಡಿದ್ರೂ ಆ ಕಡೆ ಎಣ್ಣಿ ಹಿಂದಕ್ಕ ಸೋರತೈತಿ.

ಚುಕ್ಕಾಣಿ ತಳ್ಳೂ ಸಿಲಿಂಡರ್ ಎಂಥಾದ್ದು ಅಂತನೂ ಕೇಳ್ರಿ. ರಾಡ್ ಒಂದ ಕಡೆ ಇದ್ರ ಎರಡೂ ಕಡೆ ಹಿಡಿಯೂ ಎಣ್ಣಿ ಸಮ ಇರೂದಿಲ್ಲ. 40 ಮಿ.ಮೀ. ಬೋರು (ಒಳಗಿನ ಅಗಲ), 20 ಮಿ.ಮೀ. ರಾಡು ಅಂದ್ರ ರಾಡಿನ ಕಡೆ ಕಾಲು ಭಾಗ ಕಡಿಮಿ ಹಿಡೀತೈತಿ. ಅಷ್ಟು ಹೆಚ್ಚುಕಮ್ಮಿ ಹುಟ್ಟುಗುಣ, ರಿಪೇರಿ ಇಲ್ಲ.

ಗೋಕುಲರೋಡ್_ವೈಂಡಿಂಗ್:
ಒಣಾನ ಓಟದಾಗನ ಸಿಕ್ಕಿಬಿತ್ತು. ಒಂದ ದಿಕ್ಕಿಗೆ 2.1 ಆಂಪ್, ಇನ್ನೊಂದಕ್ಕ 3.4, ಕಿಡಿನೂ ಅದ ದಿಕ್ಕಿಗೆ. ಬ್ರಷ್ ಪ್ಲೇಟಿನ ಸ್ಕ್ರೂ ತೂತು ಉದ್ದಕ ಅದಾವು. ಯಾರೋ ಹಿಂದ ಬಿಚ್ಚಿದವರು ಪ್ಲೇಟ್ ಜರಾ ತಿರುವಿ ಬಿಗದಾರ. ಹಳೇ ಸ್ಕ್ರೂ ತಲಿ ಒತ್ತಿದ ಗುರುತು ಪಕ್ಕಕ್ಕ ಹೊಳಿಯಾಕತ್ತೈತಿ. ಎರಡೂ ದಿಕ್ಕಿಗೆ ದುಡಿಯೂ ಮೋಟಾರಿಗೆ ಬ್ರಷ್ ನ್ಯೂಟ್ರಲ್ ಜಾಗಾದಾಗ ಇರಬೇಕು, ಸರದ್ರ ಒಂದ ಕಡೆ ಜೋರು, ಒಂದ ಕಡೆ ಮಂದ. ಪ್ಲೇಟ್ ಹಳೇ ಗುರುತಿಗೆ ತಂದ ಮ್ಯಾಲ 2.3 ಮತ್ತ 2.4. ಬಿಚ್ಚೂ ಮೊದಲು ಬಾಡಿ, ಮುಚ್ಚಳ, ಪ್ಲೇಟ್ ಮೂರಕ್ಕೂ ಪಂಚ್ ಹೊಡೀರಿ ಅಂತ ಇದಕ್ಕ ಹೇಳೂದು.

ಗಾಡಿ ಸ್ಟಾರ್ಟ್ ಮಾಡೂ ಸೆಲ್ಫ್ ಮೋಟಾರಿನ ಬ್ರಷ್ ತಿಕ್ಕಿ ಹಾಕೂದು ಬ್ಯಾಡ. ಅದರಾಗ ತಾಮ್ರ ಭಾಳ, ನಾಕು ಸೆಕೆಂಡ್ ದುಡದು ಮಲಗೂ ಬ್ರಷ್ ಅದು. ಇಲ್ಲಿ ದಿನಾಪೂರ್ತಿ ಚುಟುಕು ಚುಟುಕು ಓಟ, ಕಮ್ಯುಟೇಟರ್ ತಿಂದ ಬಿಡತೈತಿ. 12 ವೋಲ್ಟಿನ ಕಾಪರ್-ಗ್ರಾಫೈಟ್ ಅದ ಅಳತಿದು ತರಸ್ತೀನಿ. ಕಮ್ಯುಟೇಟರಿಗೆ ಎಮರಿ ಹಚ್ಚೂದಿಲ್ಲ, ಸಣ್ಣ ಗಾಜಿನ ಕಾಗದ ಸಾಕು. ಆಮ್ಯಾಲ ತಾಮ್ರದ ಪಟ್ಟಿಗಳ ಸಂದಿನಾಗಿನ ಮೈಕಾ ತಗ್ಗು ಮಾಡಬೇಕು.

ಹಾವಿನ ನಡಿಗಿಗೂ ಇದ ಕಾರಣ ಅನ್ನಬಹುದಾ?

ಧಾರವಾಡ_ಎಲೆಕ್ಟ್ರಾನಿಕ್ಸ್:
ಸ್ವಲ್ಪ ಇರಬಹುದು, ಪೂರಾ ಅಲ್ಲ. ತಾಂಡೇಲರಿಗೆ ಒಂದ ಪ್ರಶ್ನೆ ಕೇಳ್ರಿ: ಹಾವು ಹರಿಯೂದು ಬಲೆ ಎಳಿಯೂ ಮುಂದ 2-3 ನಾಟ್ ಸ್ಪೀಡಿನಾಗೋ, ಮೀನಿನ ಜಾಗಕ್ಕ 8-9 ನಾಟಿನಾಗ ಓಡೂ ಮುಂದೋ? ನಿಧಾನ ಇದ್ದಾಗ ಚುಕ್ಕಾಣಿ ಮ್ಯಾಲ ನೀರಿನ ಒತ್ತು ಇರೂದಿಲ್ಲ, ಬಲೆ ಬ್ಯಾರೆ ಹಿಂದಕ್ಕ ಜಗ್ಗತೈತಿ. ಅದಕ್ಕಂತ ರಡ್ಡರ್ ಗೇನ್ (ದಿಕ್ಕು ತಪ್ಪಿದ್ರ ಪೈಲಟ್ ಚುಕ್ಕಾಣಿ ಎಷ್ಟು ತಿರುವಬೇಕು ಅನ್ನೂ ಸೆಟ್ಟಿಂಗ್) ಏರಿಸಿ ಇಟ್ಟಿರತಾರ. ಅದ ಗೇನಿನಾಗ ಜೋರು ಓಡಿಸಿದ್ರ ಪೈಲಟ್ ಅತಿ ತಿರುವತೈತಿ, ಹೊಳ್ಳಿ ಅತಿ ತಿರುವತೈತಿ. ಕೂರಿಗಿಗೆ ಹೊಸಾ ಎತ್ತು ಕಟ್ಟಿದ್ರ ಸಾಲು ಹೆಂಗ ಬೀಳತಾವು, ಹಂಗ. ಜೋರು ಓಟದಾಗ ಮಾತ್ರ ಆಗತೈತಿ ಅಂದ್ರ ಒಂದೊಂದ ಮೆಟ್ಟಿಲು ಗೇನ್ ಇಳಸ್ರಿ, ಪ್ರತಿ ಸಲ 5 ನಿಮಿಷ ನೋಡ್ರಿ. ಎರಡೂ ಸ್ಪೀಡಿನಾಗ ಆದ್ರ ಗೇನ್ ಮುಟ್ಟಬ್ಯಾಡ್ರಿ, ದೋಷ ಬ್ಯಾರೆ ಕಡೆ ಐತಿ: ಪೈಪಿನಾಗ ಗಾಳಿ, ಲಿಂಕಿನ ಪಿನ್ ಸವೆತ, ಇಲ್ಲಾ ಚುಕ್ಕಾಣಿ ಎಷ್ಟು ತಿರಗೈತಿ ಅಂತ ಹೇಳೂ ರಡ್ಡರ್ ಸೆನ್ಸರ್. ಆ ಸೆನ್ಸರಿನ ತೋಳು ಚುಕ್ಕಾಣಿ ತಿರುವೂ ಟಿಲ್ಲರಿನ ತೋಳಿಗೆ ಸಮಾಂತರ ಇರಬೇಕು, ಉದ್ದನೂ ಒಂದ. ಒಳಗ ಪಾಟ್ (ತಿರುವಿದಂಗ ಓಮ್ ಬದಲಾಗೂ ರೆಸಿಸ್ಟರ್) ಇದ್ರ ಮುಳ್ಳಿನ ಮೀಟರ್ ಹಚ್ಚಿ ನಿಧಾನ ತಿರುವ್ರಿ, ನಡುವ ಎಲ್ಲರ ಮುಳ್ಳು ಜಿಗದ್ರ ಟ್ರ್ಯಾಕ್ ಸವದೈತಿ. ಬೋಟ್ ಹೆಚ್ಚಿನ ಹೊತ್ತು ನೇರ ಓಡೂದ್ರಿಂದ ಸವೆಯೂದು ನಟ್ಟನಡುವ.

ದಿಕ್ಸೂಚಿನೂ ನೋಡ್ರಿ. ಪೈಲಟಿಗೆ ದಿಕ್ಕು ಹೇಳೂದು ಫ್ಲಕ್ಸ್‌ಗೇಟ್ ಅನ್ನೂ ಎಲೆಕ್ಟ್ರಾನಿಕ್ ದಿಕ್ಸೂಚಿ. ಸ್ಪೀಕರು, ವೈಪರ್ ಮೋಟಾರು, ಪಾನಾ ಡಬ್ಬಿ, ರೇಡಿಯೋ ಎಲ್ಲಾ 1 ಮೀಟರ್ ದೂರ ಇರಬೇಕು. ವಿಎಚ್‌ಎಫ್ ರೇಡಿಯೋದಾಗ ಮಾತಾಡೂ ಗುಂಡಿ ಒತ್ತಿದ ಕೂಡ್ಲೇ ಬೋಟ್ ವಾಲಿದ್ರ ಅದರ ಆಂಟೆನಾ ಕೇಬಲ್ ಸೆನ್ಸರಿನ ವೈರಿನ ಜೋಡಿ ಕಟ್ಟಿರತಾರ. ಬೋಟ್ ಉಕ್ಕಿಂದಾದ್ರ ಕ್ಯಾಬಿನ್ನಿನೊಳಗಿನ ಫ್ಲಕ್ಸ್‌ಗೇಟ್ ನಂಬಾಕ ಬರೂದಿಲ್ಲ. ಮಾಸ್ಟಿಗೆ ಏರಸಬೇಕು, ಇಲ್ಲಾ ಎರಡು ಆಂಟೆನಾದ ಸ್ಯಾಟಲೈಟ್ ದಿಕ್ಸೂಚಿ ಹಾಕಬೇಕು. ಜಾಗಾ ಬದಲಾದ್ರ ಹೊಳ್ಳಿ ಕ್ಯಾಲಿಬ್ರೇಶನ್: ಶಾಂತ ನೀರಿನಾಗ, 2 ನಾಟಿಗಿಂತ ಕಡಿಮಿ, ಒಂದ ಸುತ್ತಿಗೆ 2 ನಿಮಿಷಕ್ಕ ಕಡಿಮಿ ಆಗದಂಗ. ಡೀವಿಯೇಶನ್ (ದಿಕ್ಸೂಚಿ ತೋರಿಸೂ ತಪ್ಪು) 15 ಡಿಗ್ರಿ ದಾಟಿದ್ರ ಸೆನ್ಸರಿನ ಜಾಗಾನ ಸರಿ ಇಲ್ಲ.

ಇನ್ನು ವೈರು. ಪ್ಯಾನಲ್‌ನಿಂದ ಪಂಪಿಗೆ 10 ಮೀಟರ್ ಅಂದ್ರ ಹೋಗಿ ಬಂದು 20. 6 ಚದರ ಮಿ.ಮೀ. ತಾಮ್ರದಾಗ 15 ಆಂಪ್ ಹರದ್ರ 0.86 ವೋಲ್ಟ್ ದಾರ್‍ಯಾಗ ಹೋತು. 16 ಚದರ ಮಿ.ಮೀ. ಹಾಕಿದ್ರ 0.32. ಚುಕ್ಕಾಣಿ ತಿರುಗೂ ಮುಂದನ ಪಂಪಿನ ಟರ್ಮಿನಲ್ ಮ್ಯಾಲ ವೋಲ್ಟ್ ಅಳೀಲಿಕ್ಕೆ ಹೇಳ್ರಿ, ಸುಮ್ಮ ನಿಂತಾಗ ಅಳದ್ರ ಎಲ್ಲಾ ಚಲೋನ ಕಾಣತೈತಿ.

ನಡುನಡುವ ದಿಕ್ಕು ಕಳಕೊಂಡು ಅಲಾರ್ಮ್ ಹೊಡದು, ಬೋಟಿನ ಯಂತ್ರಗಳನ್ನ ಜೋಡಿಸೂ ಎನ್‌ಎಂಇಎ 2000 ಜಾಲ ಇದ್ರ, ಪವರ್ ತಗದು ಡೇಟಾ ವೈರ್ ಎರಡರ ನಡುವ ಓಮ್ ನೋಡ್ರಿ. 60 ಬಂದ್ರ ಸರಿ. 120 ಅಂದ್ರ ಜಾಲದ ತುದಿಗೆ ಹಾಕೂ ರೆಸಿಸ್ಟರ್, ಟರ್ಮಿನೇಟರ್, ಒಂದ ಇಲ್ಲ, 40 ಅಂದ್ರ ಒಂದ ಹೆಚ್ಚಾಗೈತಿ.

ಗದಗ_ಫ್ಯಾಬ್ರಿಕೇಶನ್:
ಮಾಲೀಕರ ಪ್ರಶ್ನೆ ಹಂಗ ಉಳೀತು. ಬೋಟಿನ ಉದ್ದ ನೋಡಿ ಪಂಪ್ ಆರಿಸೂದು ತಪ್ಪು ಲೆಕ್ಕ. ನೋಡಬೇಕಾದ್ದು ಸಿಲಿಂಡರ್ ಹಿಡಿಯೂ ಎಣ್ಣಿ. 40 ಮಿ.ಮೀ. ಬೋರು, ಎರಡೂ ಕಡೆ 20 ಮಿ.ಮೀ. ರಾಡು, 200 ಮಿ.ಮೀ. ಸ್ಟ್ರೋಕು (ರಾಡ್ ಓಡೂ ದೂರ) ಅನ್ರಿ. ಬೋರಿನ ಕ್ಷೇತ್ರಫಲ 12.57 ಚದರ ಸೆಂ.ಮೀ., ರಾಡಿಂದು 3.14, ಉಳಿದದ್ದು 9.43. ಅದಕ್ಕ 20 ಸೆಂ.ಮೀ. ಗುಣಿಸಿದ್ರ ಸುಮಾರು 188 ಸಿಸಿ. ರಾಡ್ ಕಳಿಯೂದು ಮರತ್ರ 251 ಬರತೈತಿ, ಅಲ್ಲೇ ದೊಡ್ಡ ಪಂಪಿಗೆ ರೊಕ್ಕ ಕೊಟ್ಟಂಗ. ರೇಮರೀನ್ ಕಂಪನಿಯೊಳಗ ಟೈಪ್ 1 ಪಂಪು 80 ರಿಂದ 230 ಸಿಸಿಗೆ, ಟೈಪ್ 2 ಪಂಪು 160 ರಿಂದ 350 ಕ್ಕ. 188 ಎರಡರಾಗೂ ಕುಂಡ್ರತೈತಿ. ನಿಮಿಷಕ್ಕ 1 ಲೀಟರ್ ತಳ್ಳೂ ಪಂಪು ಈ ಸಿಲಿಂಡರಿಗೆ ಒಂದ ತುದಿಯಿಂದ ಇನ್ನೊಂದ ತುದಿಗೆ 11-12 ಸೆಕೆಂಡ್ ತಗೋತೈತಿ, ಮೀನು ಬೋಟಿಗೆ ಅಷ್ಟು ಸಾಕು. ದೊಡ್ಡದಿರಲಿ ಅಂತ ಟೈಪ್ 2 ಹಾಕಿದ್ರ ಪಂಪ್ ನಡಸೂ ಅವರದ ಕಂಟ್ರೋಲ್ ಡಬ್ಬಿ ಎಸಿಯು-400 ಬೇಕು, ಎಸಿಯು-200 ನಡಿಯೂದಿಲ್ಲ. ಅತಿ ದೊಡ್ಡ ಪಂಪು ಪ್ರತಿ ತಟ್ಟಿಗೂ ಚುಕ್ಕಾಣಿ ಗುರಿ ದಾಟಿಸಿ ಒಗೀತೈತಿ. ಹಾವಿನ ನಡಿಗಿಗೆ ಅದೂ ಒಂದ ಕಾರಣ.

ನನ್ನ ಮಾತು ಕೇಳೂದಾದ್ರ ಈಗಿನ ಪಂಪ್ ಸರಿಯಾದ ಮ್ಯಾಲ ಹೊಸಾದು ಬ್ಯಾಡ. ಉಳದ ರೊಕ್ಕದಾಗ ದಪ್ಪ ವೈರ್ ಎಳಸ್ಲಿ.

ತಾರಿಹಾಳ_ಹೈಡ್ರಾಲಿಕ್:
ಕೂಡ್ಸೂ ಮುಂದಿನ ಮಾತು ಚೀಟಿ ಬರದು ಪಂಪಿಗೆ ಕಟ್ಟಿ ಕಳಸ್ರಿ. ಪೂರಾ ಲೈನಿನ 68 ಎಣ್ಣಿ ಇಳಿಸಬೇಕು, ಮ್ಯಾಲ ತೆಳುವಿಂದು ಸುರದ್ರ ನಡಿಯೂದಿಲ್ಲ. ಪಂಪಿನಿಂದ ಚಕ್ರದ ಟ್ಯಾಂಕಿಗೆ ಹೋಗೂ ಸಣ್ಣ ಪೈಪು ಒಂದ ಸಮ ಏರಿಕೊಂತ ಹೋಗಬೇಕು, ನಡುವ ಉಬ್ಬು ಇದ್ರ ಗಾಳಿ ಅಲ್ಲೇ ಕುಂಡ್ರತೈತಿ. ಟ್ಯಾಂಕ್ ತುಂಬಿಟ್ಟು, ಸಿಲಿಂಡರಿನ ಗಾಳಿ ಬಿಡೂ ಬ್ಲೀಡ್ ನಿಪ್ಪಲ್ ಸಡಲಿಸಿ ಚಕ್ರ ನಿಧಾನ ತಿರುವಬೇಕು, ಗುಳ್ಳಿ ನಿಂತ ಮ್ಯಾಲ ಬಿಗದು ಇನ್ನೊಂದ ಕಡೆ. ಪೈಲಟ್ ಓಡೂ ಮುಂದ ಚಕ್ರ ತಾನ ತಿರಗಾಕತ್ರ ಚಕ್ರದ ಕಡೆ ಚೆಕ್ ವಾಲ್ವ್ ಇಲ್ಲ, ಇಲ್ಲಾ ಸೋತೈತಿ. ಎಣ್ಣಿ ಚುಕ್ಕಾಣಿ ಬಿಟ್ಟು ಚಕ್ರಕ್ಕ ಹೊಂಟೈತಿ ಅಂತ ಅರ್ಥ. ಅದಕ್ಕ ಪಂಪ್ ಹೊಳ್ಳಿ ಹುಬ್ಬಳ್ಳಿಗೆ ಕಳಸೂದು ಬ್ಯಾಡ.

ಪಾರ್ಸಲ್ ಕಟ್ಟೂ ಮುಂದ ಪಂಪಿನ ಮೂರೂ ಬಾಯಿಗೆ (ಸಿಲಿಂಡರಿಂದು ಎರಡು, ಟ್ಯಾಂಕಿಂದು ಒಂದು) ಪ್ಲಗ್ ಹಾಕ್ರಿ, ಅರಿವಿ ತುರುಕಬ್ಯಾಡ್ರಿ. ಕಾರವಾರದ ದಾರ್‍ಯಾಗಿನ ಅರಬೈಲ್ ಘಟ್ಟ ಇಳಿಯೂದ್ರೊಳಗ ಅರಿವಿಯ ನೂಲು ಒಳಗ ಹೊಕ್ಕು ಚೆಕ್ ವಾಲ್ವಿನ ಗೋಲಿ ಕೆಳಗ ಕುಂಡ್ರತೈತಿ.